ಕಣ್ಣು ಬರುವ ದಿನ

ನಾನು ಆ ಊರಿಗೆ ಹೋದದ್ದು ಮುಳುಗಿದ ಹಡಗೊಂದರ ಹೆಸರು ಹುಡುಕಲು. ಯುದ್ಧದ ಕಾಲದಲ್ಲಿ ಅಲ್ಲಿನ ಕಡಲಿನಲ್ಲಿ ಜಲಾಂತರ್ಗಾಮಿಯೊಂದು ತಳ ಸೇರಿತ್ತು. ಅದು ಯಾವ ದೇಶದ್ದು, ಹೆಸರೇನು, ಒಳಗಿದ್ದವರು ಯಾರು ಎಂದು ಪತ್ತೆ ಮಾಡಿ ವರದಿ ಕೊಡಬೇಕೆಂದು ನಮ್ಮ ವಸ್ತುಸಂಗ್ರಹಾಲಯದವರು ಕಳಿಸಿದ್ದರು. ನನ್ನನ್ನೇ ಯಾಕೆ ಆರಿಸಿದರು ಎಂಬುದರಲ್ಲಿ ಗುಟ್ಟೇನಿಲ್ಲ. ಕಚೇರಿಯಲ್ಲಿ ಉಳಿದವರಿಗೆಲ್ಲ ಹೆಂಡತಿ, ಮಕ್ಕಳು, ಮಕ್ಕಳ ಪರೀಕ್ಷೆ ಇದ್ದವು. ನನಗೆ ಒಂದು ಬಾಡಿಗೆ ಕೋಣೆ, ಅದರಲ್ಲೊಂದು ಸ್ಟವ್ ಇತ್ತು. ಐವತ್ತು ದಾಟಿದ ಅಂಥವನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು, ಬಸ್‌ಸ್ಟ್ಯಾಂಡಿಗೆ ಬಂದು ಅಳುವವರು ಯಾರೂ ಇರುವುದಿಲ್ಲ.

ನಾನು ಇಳಿದ ದಿನ ಅಮಾವಾಸ್ಯೆ. ಬಸ್ಸು ಊರಿನ ಹೊರಗೇ ನಿಂತಿತು. "ಇವತ್ತು ಒಳಗೆ ಹೋಗುದಿಲ್ಲ, ಕಣ್ಣು ಬರುವ ದಿನ" ಎಂದು ಕಂಡಕ್ಟರು ನನ್ನ ಪೆಟ್ಟಿಗೆಯನ್ನು ಇಳಿಸಿಕೊಟ್ಟ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಬಿಳಿ ಮೀಸೆಯ ಒಬ್ಬರು ಓಡಿಬಂದು ನನ್ನ ತೋಳು ಹಿಡಿದು, ಒಂದು ಮನೆಯ ಹಿಂದಿನ ಕೋಣೆಗೆ ನೂಕಿದರು. ಅವರೇ ಆ ಊರಿನ ಮುಖಂಡ, ಗುರಿಕಾರ ದೂಮಪ್ಪನವರು.

"ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೆ. ಹೊಸ ಮುಖ ಕಾಣಬಾರ್ದು. ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ, ಆಮೇಲೆ ಚಾ ಕುಡಿಯುವ" ಎಂದು ಬಾಗಿಲು ಎಳೆದುಕೊಂಡು ಹೋದರು.

ಕಿಟಕಿಯ ಸಂದಿಯಿಂದ ನಾನು ಮೊದಲ ಬಾರಿಗೆ ಕಡಲದಂಡೆಯ ಬೀದಿಯನ್ನು ನೋಡಿದೆ. ಸಿಮೆಂಟಿನ ಮನೆಗಳ ಮುಂದೆ ಹಳೆಯ ಮರದ ಹಲಗೆಗಳನ್ನು ನಿಲ್ಲಿಸಿ, ಅವು ಹಳೆಯ ಮನೆಗಳೆಂಬಂತೆ ಮಾಡಿದ್ದರು. ಸ್ಕೂಟರುಗಳನ್ನು ಹಿತ್ತಿಲಿಗೆ ತಳ್ಳಿದ್ದರು. ಹೈಸ್ಕೂಲಿನ ಹೆಡ್‌ಮಾಸ್ತರರು ಉಪ್ಪಿನ ಗಾಡಿಯ ಪಕ್ಕ ಬರಿಮೈಯಲ್ಲಿ ನಿಂತಿದ್ದರು. ಹೊಟ್ಟೆಯನ್ನು ಒಳಗೆಳೆದುಕೊಂಡೇ ನಿಲ್ಲಬೇಕಿತ್ತು, ಯಾಕೆಂದರೆ ಆ ಜಾಗ ಅವರ ಅಜ್ಜನದು, ಅಜ್ಜನಿಗೆ ಹೊಟ್ಟೆ ಇರಲಿಲ್ಲ. ದಂಡೆಯಿಂದ ಸಾಕಷ್ಟು ದೂರದಲ್ಲಿ, ನೀರಿನಿಂದ ಒಂದು ಕಪ್ಪು ಕಂಬ ಮೆಲ್ಲಗೆ ಮೇಲೆದ್ದಿತು. ತುದಿ ದಪ್ಪ. ಕಬ್ಬಿಣ. ನಾನು ಹುಡುಕಿ ಬಂದ ಜಲಾಂತರ್ಗಾಮಿಯ ಪೆರಿಸ್ಕೋಪು, ನೀರಿನಡಿಯಿಂದ ಹೊರಗೆ ನೋಡುವ ಅದರ ಕಣ್ಣು. ಬೀದಿಯಲ್ಲಿದ್ದವರೆಲ್ಲ ಗಾಡಿ ಎಳೆಯುತ್ತ, ಬಲೆ ಒಣಗಿಸುತ್ತ, ಜಗಳವಾಡುತ್ತ ಇದ್ದರು. ಕೊನೆಗೆ ಎಲ್ಲಿಂದಲೋ ಒಬ್ಬ ಹೆಂಗಸು ಜೋರಾಗಿ ನಕ್ಕಳು. ನಗು ಮುಗಿದ ಮೇಲೆ ಕಂಬ ಮುಳುಗಿತು. ಹೆಡ್‌ಮಾಸ್ತರರು ಉಸಿರು ಬಿಟ್ಟು ಅಂಗಿ ಹಾಕಿಕೊಂಡರು.

ಚಹಾ ಕುಡಿಯುವಾಗ ದೂಮಪ್ಪನವರು ಹೇಳಿದ್ದು ಇಷ್ಟು. ಹಡಗು ಮುಳುಗಿದ ಮೇಲೆ ಮೊದಲ ಸಲ ಕಣ್ಣು ಎದ್ದಾಗ ಬೀದಿಯಲ್ಲಿ ಯಾರು ಎಲ್ಲಿದ್ದರೋ, ಏನು ಮಾಡುತ್ತಿದ್ದರೋ, ಪ್ರತಿ ಅಮಾವಾಸ್ಯೆಯ ಸಂಜೆ ಅಲ್ಲೇ ಇರಬೇಕು, ಅದನ್ನೇ ಮಾಡಬೇಕು. ಒಬ್ಬರು ತೀರಿಕೊಂಡರೆ ಅವರ ಮನೆಯವರು, ಮನೆಯವರಿಲ್ಲದಿದ್ದರೆ ಗುರಿಕಾರರು ಹೇಳಿದವರು ಆ ಜಾಗದಲ್ಲಿ ನಿಲ್ಲಬೇಕು. ಬದುಕಿರುವವರು ತಮ್ಮ ಜಾಗವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ.

"ಯಾಕೆ?" ಎಂದೆ.

"ಪಾಪ ಅಲ್ವಾ ಸಾರ್? ಯುದ್ಧ ಮುಗಿದದ್ದು ಅವರಿಗೆ ಯಾರು ಹೇಳಿದ್ದಾರೆ? ಮೇಲೆ ಎದ್ದು ನೋಡುವಾಗ ಎಲ್ಲ ಬೇರೆ ಆಗಿದ್ರೆ ಗಾಬರಿ ಆಗ್ತದೆ. ಇದ್ದ ಹಾಗೆ ಉಂಟು ಅಂತ ಕಂಡ್ರೆ ಸಮಾಧಾನದಲ್ಲಿ ಕೆಳಗೆ ಹೋಗ್ತಾರೆ."

"ಅವರು ಯಾರ ಕಡೆಯವರು?"

"ಅದು ನಮಗೆಂತಕ್ಕೆ? ಯುದ್ಧ ನಮ್ಮದಾ?"

ನನ್ನ ಸಂಶೋಧನೆ ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಒದ್ದಾಡಿತು. ಗುರಿಕಾರರ ಹಿತ್ತಿಲ ಕೋಣೆಯೇ ನನ್ನ ಬಿಡಾರವಾಯಿತು. ಬೇರೆ ದಿನಗಳಲ್ಲಿ ದೋಣಿ ಮಾಡಿಕೊಂಡು ಹೋಗಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟರೆ ಕೆಸರು ಸಿಗುತ್ತಿತ್ತು, ಹಡಗು ಸಿಗುತ್ತಿರಲಿಲ್ಲ. ಮುದುಕರನ್ನು ಕೂರಿಸಿಕೊಂಡು ಕೇಳಿದರೆ ಒಬ್ಬರು ಅದು ತಿಮಿಂಗಿಲದಷ್ಟು ಎನ್ನುತ್ತಿದ್ದರು, ಇನ್ನೊಬ್ಬರು ಬೆಟ್ಟದಷ್ಟು. ಊರವರು ನನಗೆ ಮುಳುಗು ಮಾಷ್ಟ್ರು ಎಂದು ಹೆಸರಿಟ್ಟರು. "ಮಾಷ್ಟ್ರೆ, ಇವತ್ತು ಎಷ್ಟು ಮುಳುಗಿದಿರಿ?" ಎಂದು ಮೀನು ಮಾರುವವರು ಕೇಳುತ್ತಿದ್ದರು. ಎಲ್ಲರೂ ಮಾತಾಡಿಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಕಣ್ಣು ಬರುವ ದಿನ ಬಂತೆಂದರೆ ಇಡೀ ಊರು ತನ್ನ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು, ನಾನು ಮಾತ್ರ ಬಾಗಿಲು ಹಾಕಿದ ಕೋಣೆಯಲ್ಲಿ ಕೂರುತ್ತಿದ್ದೆ. ಒಂಟಿತನ ನನಗೆ ಹೊಸದಲ್ಲ. ಆದರೆ ನಿಲ್ಲಲು ಜಾಗ ಎಂಬುದೊಂದು ಎಲ್ಲರಿಗೂ ಇರುವ ಊರಿನಲ್ಲಿ ಅದು ಹೆಚ್ಚು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಅಂತೋನಿ ಎಂಬ ಮುದುಕ ಜ್ವರ ಬಂದು ತೀರಿಕೊಂಡ. ಅವನಿಗೂ ನನ್ನ ಹಾಗೆ ಹಿಂದುಮುಂದು ಯಾರೂ ಇರಲಿಲ್ಲ. ದೋಣಿ ದಾಟಿಸುವ ಕಡವಿನ ಹಳೆಯ ಕಚೇರಿಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಮುರಿದ ಕೊಡೆ ಇಟ್ಟುಕೊಂಡು ಕೂರುವುದು ಅವನ ಪಾಲಿನ ಕೆಲಸವಾಗಿತ್ತು. ಮೊದಲ ದಿನ ಅಲ್ಲಿ ಕುಳಿತಿದ್ದವನು ಒಬ್ಬ ಕೊಡೆ ರಿಪೇರಿಯವನಂತೆ. ದೂಮಪ್ಪನವರು ನನ್ನನ್ನು ಹಿಂದಿನಿಂದ, ಪಕ್ಕದಿಂದ ನೋಡಿದರು.

"ನಿಮ್ಮ ಬೆನ್ನು ಚೂರು ಬಗ್ಗಿದೆ. ಅಂತೋನಿಯ ಜಾಗಕ್ಕೆ ಸರಿಯಾಗ್ತದೆ" ಎಂದರು.

ನನ್ನ ಬೆನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮರೆಸಲು ಕೊಡೆಯ ಕಡ್ಡಿ ಎಣಿಸುವವನಂತೆ ತಲೆ ತಗ್ಗಿಸಿದೆ.

ಆ ಮೆಟ್ಟಿಲ ಪಕ್ಕದ ಜಾಗ ಸುಗಂಧಿಯದು. ಉಳಿದ ದಿನಗಳಲ್ಲಿ ಅವಳು ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕಿ. ಮೂವತ್ತೈದರ ಆಸುಪಾಸು, ದೊಡ್ಡ ಗಂಟಲು, ಗಂಡಸರು ಹೆದರುತ್ತಿದ್ದರು. ಅಮಾವಾಸ್ಯೆಯ ಸಂಜೆ ಮಾತ್ರ ಅವಳು ತನ್ನ ಅಜ್ಜಿಯಾಗುತ್ತಿದ್ದಳು. ಸೊಂಟದ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಣ್ಣ ಬಳಿದ ಮರದ ಮೀನು. ಮೊದಲ ದಿನ ಆ ಅಜ್ಜಿ, ಕೊಡೆ ರಿಪೇರಿಯವನು ಹೇಳಿದ ಏನೋ ಮಾತಿಗೆ ನಗುತ್ತಿದ್ದಳಂತೆ. ಆದ್ದರಿಂದ ಪ್ರತಿ ತಿಂಗಳೂ ಅವನು ಏನಾದರೂ ಹೇಳಬೇಕು, ಅವಳು ನಗಬೇಕು. ಆಗ ಅವನು ಏನು ಹೇಳಿದ್ದನೆಂದು ಯಾರಿಗೂ ನೆನಪಿರಲಿಲ್ಲ.

"ಅಂತೋನಿಯಣ್ಣ ಬರೇ ಕೆಮ್ಮುತ್ತಿದ್ದ" ಎಂದಳು ಸುಗಂಧಿ. "ನಾನು ಸುಮ್ಮನೆ ನಗ್ಬೇಕಿತ್ತು. ನೀವಾದ್ರೂ ಎಂತಾದ್ರೂ ಹೇಳಿ ಸಾರ್."

ಕಣ್ಣು ಎದ್ದಿತು. ಬುಟ್ಟಿಯನ್ನು ನೋಡಿ, "ಈ ಮೀನು ಯುದ್ಧದ ಕಾಲದ್ದಾ? ವಾಸನೆ ಹಾಗೇ ಇದೆ" ಎಂದೆ. ಅವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ನಕ್ಕಳು, ಬುಟ್ಟಿ ಅಲುಗಿ ಮೀನು ಕೆಳಗೆ ಬೀಳುವಷ್ಟು.

ಅಲ್ಲಿಂದ ನನ್ನ ತಿಂಗಳುಗಳ ಲೆಕ್ಕವೇ ಬದಲಾಯಿತು. ಹಗಲೆಲ್ಲ ಹಡಗಿನ ಕೆಲಸ ಮಾಡುತ್ತಿದ್ದೆ ಎನ್ನುವುದು ಹೆಸರಿಗೆ. ನಿಜವಾಗಿ ಮಾಡುತ್ತಿದ್ದುದು ಮುಂದಿನ ಅಮಾವಾಸ್ಯೆಗೆ ಏನು ಹೇಳುವುದೆಂದು ಯೋಚಿಸುವ ಕೆಲಸ. ಒಳ್ಳೆಯ ಮಾತೊಂದು ಹೊಳೆದರೆ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ನನ್ನನ್ನು ತಪ್ಪು ತಿಳಿಯಬೇಡಿ, ನಾನು ಅವಳಿಂದ ಬೇರೇನನ್ನೂ ಬಯಸಿರಲಿಲ್ಲ. ಜಗತ್ತಿನಲ್ಲಿ ಒಂದು ಜೀವ ತಿಂಗಳಿಗೊಮ್ಮೆ ನನ್ನ ಮಾತಿಗೆ ಕಾಯುತ್ತದೆ ಎಂಬುದೇ ನನಗೆ ಹಬ್ಬದೂಟವಾಗಿತ್ತು.

ಅವಳು ಬಯಸಿದ್ದು ಬೇರೆ. ಒಂದು ಮಧ್ಯಾಹ್ನ ಐಸ್ ಫ್ಯಾಕ್ಟರಿಯ ಹಿಂದೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದಳು. ಕಡಲಿನಾಚೆಯ ದ್ವೀಪದ ಬಂದರಿನಲ್ಲಿ ಶೀನ ಎಂಬ ದೋಣಿ ಕಟ್ಟುವವನಿದ್ದ. ಒಂದು ವರ್ಷ ಇಲ್ಲಿಗೆ ಕೆಲಸಕ್ಕೆ ಬಂದವನು ಅವಳನ್ನು ಮದುವೆಯಾಗುತ್ತೇನೆಂದು ಹೇಳಿ ಹೋಗಿದ್ದ, ಈಗಲೂ ಕಾಯುತ್ತಿದ್ದ. ಅವನ ಕಾರ್ಖಾನೆ ಅಲ್ಲೇ, ಕಣ್ಣಿಲ್ಲದ ತಾಯಿಯೂ ಅಲ್ಲೇ, ಬಿಟ್ಟು ಬರುವಂತಿಲ್ಲ. ಮದುವೆಯಾಗಿ ಅಲ್ಲಿದ್ದು ತಿಂಗಳಿಗೊಮ್ಮೆ ಇಲ್ಲಿ ಬಂದು ನಿಲ್ಲುವುದೂ ಸಾಧ್ಯವಿಲ್ಲ, ಹೋಗಿ ಬರುವುದರೊಳಗೆ ಮುಂದಿನ ಅಮಾವಾಸ್ಯೆ ಬಂದುಬಿಡುತ್ತದೆ.

"ನನ್ನ ಅಮ್ಮ ಸಾಯುವವರೆಗೆ ಈ ಬೀದಿ ಬಿಟ್ಟು ಹೋಗ್ಲಿಲ್ಲ ಸಾರ್. ಅಜ್ಜಿಯೂ ಹೋಗ್ಲಿಲ್ಲ. ಶೀನ ಈ ಸಲ ಹೇಳಿ ಕಳಿಸಿದ್ದಾನೆ, ಬರುವ ಮಳೆಗಾಲದೊಳಗೆ ಬಾರದಿದ್ರೆ ಇನ್ನು ಕಾಯುದಿಲ್ಲ ಅಂತ. ನೀವು ಕಲಿತವರು. ಆ ಹಡಗಿನಲ್ಲಿ ಈಗ ಯಾರೂ ಇಲ್ಲ, ಯಾರೂ ನೋಡುದಿಲ್ಲ ಅಂತ ನೋಡಿ ಬಂದು ಗುರಿಕಾರರಿಗೆ ಹೇಳಿ. ನೀವು ಹೇಳಿದ್ರೆ ಬಿಡ್ತಾರೆ."

ಅವಳು ಹೋದರೆ ನನ್ನ ಮಾತಿಗೆ ನಗುವವರು ಯಾರು? ಆ ಪ್ರಶ್ನೆಯನ್ನು ಅವಳ ಮುಂದೆ ಇಡುವಷ್ಟು ನಾಚಿಕೆಗೆಟ್ಟವನಲ್ಲ ನಾನು. "ನೋಡ್ತೇನೆ" ಎಂದೆ.

ಹಡಗು ಕೈಗೆಟುಕುವಷ್ಟು ಮೇಲೆ ಬರುವುದು ಅಮಾವಾಸ್ಯೆಯ ಸಂಜೆ ಮಾತ್ರ. ಆ ಹೊತ್ತಿಗೆ ಊರಿನವರೆಲ್ಲ ದಂಡೆಯ ಮೇಲೆ ತಮ್ಮ ಜಾಗದಲ್ಲಿರುತ್ತಾರೆ, ಒಂದು ದೋಣಿಯೂ ಇಳಿಯುವುದಿಲ್ಲ. ಹಾಗಾಗಿ ಅಷ್ಟು ವರ್ಷಗಳಲ್ಲಿ ಒಬ್ಬರೂ ಅದರ ಹತ್ತಿರ ಹೋಗಿರಲಿಲ್ಲ. ನಾನು ಹೋಗಬೇಕಾದರೆ ನನ್ನ ಮೆಟ್ಟಿಲನ್ನು ಖಾಲಿ ಬಿಡಬೇಕಿತ್ತು. ಉಪಾಯ ಸುಗಂಧಿಯದೇ. ಕೊಡೆಯನ್ನು ಬಿಚ್ಚಿ ಕಡಲಿಗೆ ಅಡ್ಡವಾಗಿ ನಿಲ್ಲಿಸಿ, ಕೆಳಗೆ ನನ್ನ ಚಪ್ಪಲಿ ಕಾಣುವಂತೆ ಇಟ್ಟಳು.

"ಕೊಡೆಯ ಹಿಂದೆ ನೀವಿದ್ರೂ ಒಂದೇ, ಇಲ್ಲದಿದ್ರೂ ಒಂದೇ. ನಾನು ಕೊಡೆಯನ್ನೇ ನೋಡಿ ನಗ್ತೇನೆ" ಎಂದಳು.

ಹೊಳೆಬಾಯಿಯಿಂದ ಬರಿಗಾಲಿನಲ್ಲಿ ದೋಣಿ ಇಳಿಸಿ, ದೊಡ್ಡ ಸುತ್ತು ಹಾಕಿಕೊಂಡು, ಕಡಲಿನ ಕಡೆಯಿಂದ ಹುಟ್ಟು ಹಾಕುತ್ತ ಹೋದೆ. ಕಣ್ಣು ಎದ್ದಾಗ ನಾನು ಅದರ ತೀರ ಹತ್ತಿರದಲ್ಲಿದ್ದೆ. ಕಂಬದ ಮೈತುಂಬ ಚಿಪ್ಪು ಮೆತ್ತಿಕೊಂಡಿತ್ತು, ಅಕ್ಷರವೇನಾದರೂ ಇದ್ದರೆ ಅದರ ಅಡಿಯಲ್ಲಿ ಹೂತುಹೋಗಿತ್ತು. ಆದರೆ ತುದಿಯಲ್ಲಿ ಅಂಗೈಯಷ್ಟಗಲದ ಗಾಜು, ಆಗಷ್ಟೇ ಯಾರೋ ಒರೆಸಿದಂತೆ ಸ್ವಚ್ಛ. ಆ ಗಾಜು ನನ್ನನ್ನು ನೋಡುತ್ತಿತ್ತು.

ನಾನಿದ್ದದ್ದು ಕಡಲಿನ ಕಡೆ. ಅದು ನೋಡುತ್ತಿದ್ದುದೂ ಕಡಲಿನ ಕಡೆ. ದಂಡೆಯಿಂದ ಊರವರು ಕಣ್ಣು ಎಂದು ನೋಡುತ್ತ ಬಂದದ್ದು ಅದರ ಬೆನ್ನನ್ನು. ಆ ದೂರಕ್ಕೆ ಕಂಬದ ಹಿಂದುಮುಂದು ಯಾರಿಗೆ ತಿಳಿಯಬೇಕು? ಹಲಗೆ ನಿಲ್ಲಿಸಿ, ಹೊಟ್ಟೆ ಒಳಗೆಳೆದುಕೊಂಡು, ಮದುವೆ ಬಿಟ್ಟು, ತಲೆಮಾರುಗಳಿಂದ ಅವರು ಸಮಾಧಾನಪಡಿಸಿದ್ದು ತಮ್ಮ ಕಡೆಗೆ ತಿರುಗದವರನ್ನು. ಒಳಗಿದ್ದವರು ಕಾಯುತ್ತಿದ್ದುದು ದೂರದಿಂದ ಬರಬೇಕಾದ ತಮ್ಮವರಿಗಾಗಿ.

ಗಾಜಿನೆದುರು ಸುಮ್ಮನಿರುವುದು ಮರ್ಯಾದೆಯಲ್ಲ ಅನಿಸಿ, ಆ ತಿಂಗಳು ಸುಗಂಧಿಗೆಂದು ಇಟ್ಟುಕೊಂಡಿದ್ದ ಮಾತನ್ನು ಅದಕ್ಕೇ ಹೇಳಿದೆ. "ಕೊಡೆ ಈಗ ಎಷ್ಟು ಚೆನ್ನಾಗಿ ರಿಪೇರಿ ಆಗಿದೆಯೆಂದರೆ, ಮಳೆ ಬಂದರೆ ಅದು ನೆನೆಯದಂತೆ ನಾವೇ ಅಡ್ಡ ನಿಲ್ಲಬೇಕು." ಗಾಜು ಅಲುಗಲಿಲ್ಲ. ಅಷ್ಟರಲ್ಲಿ ದಂಡೆಯಿಂದ, ನೀರಿನ ಮೇಲೆ ಜಾರಿಕೊಂಡು, ಸುಗಂಧಿಯ ನಗು ಬಂತು. ಪಕ್ಕದಲ್ಲೇ ನಕ್ಕಷ್ಟು ಸ್ಪಷ್ಟವಾಗಿ ಕೇಳಿಸಿತು. ಅದು ಮುಗಿಯುತ್ತಲೇ ಕಂಬ ಕೆಳಗಿಳಿಯಿತು.

ಸುಮ್ಮನಿದ್ದರೆ ಅವಳು ಇಲ್ಲೇ ಉಳಿಯುತ್ತಾಳೆ ಎಂಬುದು ವಾಪಸು ಬರುವಾಗ ಪ್ರತಿ ಹುಟ್ಟಿಗೂ ನೆನಪಾಗುತ್ತಿತ್ತು. ಅವಳು ಹೊಳೆಬಾಯಿಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದಳು. ಆ ಚಪ್ಪಲಿಗಳನ್ನು ಕಂಡ ಮೇಲೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ.

"ಒಮ್ಮೆಯೂ ತಿರುಗ್ಲಿಲ್ವಾ?"

"ಇಲ್ಲ."

ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳು ಅಲ್ಲೇ ಮರಳಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ ಅಜ್ಜಿ, ಅಮ್ಮ, ನಾನು... ಇಷ್ಟು ವರ್ಷ ಬೆನ್ನಿಗೆ ನಕ್ಕದ್ದಾ ಸಾರ್?" ಎಂದು ಅತ್ತಳು.

ದೂಮಪ್ಪನವರಿಗೆ ಇಬ್ಬರೂ ಹೋಗಿ ಹೇಳಿದೆವು. ನಾನು ಮೆಟ್ಟಿಲು ಬಿಟ್ಟದ್ದಕ್ಕೆ ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಜಗಲಿಯ ಮೇಲೆ ಕುಳಿತು ಮೀಸೆ ತಿಕ್ಕಿದರು.

"ಮುಂದೆ ಯಾವತ್ತಾದ್ರೂ ತಿರುಗಿದ್ರೆ?" ಎಂದರು. "ತಿರುಗಿದ ದಿನ ಇಲ್ಲಿ ಯಾರೂ ಇಲ್ಲದಿದ್ರೆ?"

ಆಮೇಲೆ ಸುಗಂಧಿಯ ಕಡೆ ನೋಡಿ, "ಉಳಿದವರಿಗೆ ಇದು ಹೇಳುದು ಬೇಡ. ನಾವು ನಿಲ್ತೇವೆ. ನೀನು ಹೋಗು ಮಗಾ. ಬುಟ್ಟಿ ಇಲ್ಲಿಟ್ಟು ಹೋಗು. ತಿರುಗಿತು ಅಂತ ಗೊತ್ತಾದ್ರೆ ಮಾತ್ರ ಕರೀತೇನೆ, ಆಗ ಬರ್ಬೇಕು" ಎಂದರು. ಅವಳು ಅವರ ಕಾಲು ಮುಟ್ಟಿ ನಮಸ್ಕರಿಸಿ ಮಾತು ಕೊಟ್ಟಳು.

ಅವಳು ದ್ವೀಪಕ್ಕೆ ಹೋಗುವ ಹಡಗು ಹತ್ತಿದ ದಿನ ಕಳಿಸಲು ನಾನೂ ಹೋಗಿದ್ದೆ. "ಇನ್ನು ನಿಮ್ಮ ಜೋಕು ಕೇಳುವ ಕರ್ಮ ನಂಗಿಲ್ಲ" ಎಂದು ನಗುತ್ತ ಹೇಳಿ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ವಾಪಸು ಬರುವಾಗ ಐಸ್ ಫ್ಯಾಕ್ಟರಿಯ ಮುಂದೆ ಹಾದು ಹೋಗಲು ಮನಸ್ಸಾಗದೆ ಸುತ್ತುದಾರಿ ಹಿಡಿದೆ.

ಮುಂದಿನ ಅಮಾವಾಸ್ಯೆಯಂದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿದ್ದುದು ಬುಟ್ಟಿ ಮಾತ್ರ. ಮರದ ಮೀನಿಗೆ ಏನು ಹೇಳಲಿ? ಸುಮ್ಮನೆ ಕುಳಿತೆ. ಯಾರೂ ನಗಲಿಲ್ಲ. ಕಣ್ಣು ಇಳಿಯಲಿಲ್ಲ. ಗಾಡಿ ಎಳೆಯುವವರು ಎಳೆದೇ ಎಳೆದರು, ಜಗಳವಾಡುವವರ ಗಂಟಲು ಕಟ್ಟಿತು, ಹೆಡ್‌ಮಾಸ್ತರರ ಮುಖ ಕೆಂಪಾಯಿತು. ಕತ್ತಲಾಗಿ ಏನೂ ಕಾಣದಾದ ಮೇಲೆಯೇ ಜನ ಮನೆಗೆ ಹೋದದ್ದು. ದೂಮಪ್ಪನವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಇವತ್ತು ತಡ ಆಯ್ತಲ್ಲ ಸಾರ್. ತಿರುಗಿತಾ ಹೇಗೆ?" ಎಂದರು.

"ನೋಡಿ ಬರ್ತೇನೆ" ಎಂದೆ.

ಮರುತಿಂಗಳು ಮತ್ತೆ ಕೊಡೆಯನ್ನು ಅಡ್ಡ ನಿಲ್ಲಿಸಿ, ಚಪ್ಪಲಿ ಬಿಟ್ಟು, ದೋಣಿ ಇಳಿಸಿದೆ. ಕಣ್ಣು ಎದ್ದಿತು. ನನ್ನೆದುರು ಗಾಜಿರಲಿಲ್ಲ. ಚಿಪ್ಪು ಮೆತ್ತಿದ ಕಬ್ಬಿಣ ಇತ್ತು. ದೋಣಿಯನ್ನು ಸ್ವಲ್ಪ ಪಕ್ಕಕ್ಕೆ ತಂದು ನೋಡಿದೆ. ಗಾಜು ಊರಿನ ಕಡೆಗಿತ್ತು. ಅದು ಬೀದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಕಳೆದುಹೋದದ್ದನ್ನು ಹುಡುಕುವವರಂತೆ ಮೆಲ್ಲಗೆ ಹೊರಳುತ್ತಿತ್ತು. ಕಡವಿನ ಮೆಟ್ಟಿಲ ನೇರಕ್ಕೆ ಬಂದು ನಿಂತಿತು. ಅಲ್ಲಿ ಒಂದು ಕೊಡೆ, ಒಂದು ಬುಟ್ಟಿ, ನಡುವೆ ಯಾರೂ ಇರಲಿಲ್ಲ.

ಆಗ ನನಗೆ ತಿಳಿಯಿತು. ಅವರು ಊರನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಮುಖ ತಮ್ಮವರ ದಾರಿಯ ಕಡೆ, ಕಿವಿ ಊರಿನ ಕಡೆ. ಬೆನ್ನ ಹಿಂದೆ ಒಬ್ಬಳು ನಗುತ್ತಿದ್ದಾಳೆ ಎಂಬ ಧೈರ್ಯದಿಂದ ಅಷ್ಟು ವರ್ಷ ಖಾಲಿ ಕಡಲನ್ನು ನೋಡುತ್ತ ಇರಲು ಅವರಿಗೆ ಸಾಧ್ಯವಾಗಿತ್ತು. ನಗು ನಿಂತಿತು, ಏನಾಯಿತೆಂದು ತಿರುಗಿದ್ದರು.

ಇದನ್ನು ಹೇಳಿದರೆ ದೂಮಪ್ಪನವರು ಸುಗಂಧಿಯನ್ನು ಕರೆಸುತ್ತಾರೆ. ಅವಳು ಮಾತಿಗೆ ತಪ್ಪುವವಳಲ್ಲ, ಬರುತ್ತಾಳೆ. ಮತ್ತೆ ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತು ನನ್ನ ಮಾತಿಗೆ ಕಾಯುತ್ತಾಳೆ. ನನಗೆ ಅದು ಬೇಕಿತ್ತು.

ಆದರೂ ಅವಳ ಬದಲಿಗೆ ನಾನೇ ನಕ್ಕೆ. ಮೊದಲು ಹೊರಟದ್ದು ಅಂತೋನಿಯ ಕೆಮ್ಮು. ಎರಡನೆಯದು ಬಾಗಿಲು ಕಿರುಗುಟ್ಟಿದ ಹಾಗಿತ್ತು. ನಕ್ಕು ಅಭ್ಯಾಸವಿಲ್ಲದ ಮನುಷ್ಯ ನಾನು. ಕಣ್ಣು ಮುಚ್ಚಿ, ಆ ಮೊದಲ ದಿನ ಬುಟ್ಟಿಯಿಂದ ಮೀನು ಬಿದ್ದದ್ದನ್ನು ನೆನೆದೆ. ಅದನ್ನು ಹೆಕ್ಕಲು ನಾನೂ ಅವಳೂ ಒಟ್ಟಿಗೆ ಬಗ್ಗಿ ತಲೆ ಡಿಕ್ಕಿ ಹೊಡೆದದ್ದನ್ನು, ಅವಳು ಅಜ್ಜಿಯ ಗಾಂಭೀರ್ಯವನ್ನೆಲ್ಲ ಮರೆತು ನನ್ನನ್ನು ಬೈದದ್ದನ್ನು ನೆನೆದೆ. ಆಗ ಬಂತು, ಹೊಟ್ಟೆಯಿಂದ, ದೋಣಿ ಓಲಾಡುವಷ್ಟು. ಕಣ್ಣು ಬಿಟ್ಟಾಗ ಗಾಜು ನನ್ನ ಕಡೆ ತಿರುಗಿತ್ತು. ಅದು ಒಂದು ಗಳಿಗೆ ನನ್ನನ್ನು ನೋಡಿತು, ಆಮೇಲೆ ನನ್ನ ಹೆಗಲಿನಾಚೆ ದೂರದ ಕಡಲನ್ನು ನೋಡಿತು. ಮೆಲ್ಲಗೆ ಮುಳುಗಿತು.

"ತಿರುಗಿಲ್ಲ" ಎಂದು ಗುರಿಕಾರರಿಗೆ ಹೇಳಿದೆ. "ಆದರೆ ಯಾರಾದರೂ ನಗಬೇಕು. ನಾನೇ ನಗ್ತೇನೆ ಬಿಡಿ."

ಅಲ್ಲಿಂದ ಮುಂದೆ ಕಚೇರಿಯವರು ಹಲವು ಸಲ ವರದಿ ಕೇಳಿದರು, ವಾಪಸು ಬರಲು ಹೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಹಡಗಿನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಾನು ಈ ಬೀದಿ ಬಿಟ್ಟು ಹೋಗುವಂತಿಲ್ಲ. ಸುಗಂಧಿಯ ಅಮ್ಮ, ಅಜ್ಜಿ ಹೇಗೆ ಬದುಕಿದ್ದರೆಂದು ಈಗ ಚೆನ್ನಾಗಿ ಅರ್ಥವಾಗುತ್ತದೆ.

ಈ ಸಲದ ಅಮಾವಾಸ್ಯೆಯ ಮಧ್ಯಾಹ್ನ, ದ್ವೀಪದಿಂದ ಹಗ್ಗ ತಂದ ವ್ಯಾಪಾರಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಸುಗಂಧಿಗೆ ಹೆಣ್ಣುಮಗು ಹುಟ್ಟಿದೆಯಂತೆ. ಅತ್ತೆಗೆ ಕಣ್ಣು ಕಾಣದಿದ್ದರೂ ಮೊಮ್ಮಗಳನ್ನು ತೊಡೆಯಿಂದ ಇಳಿಸುವುದಿಲ್ಲವಂತೆ.

"ಒಂದು ಮಾತು ಕೇಳಿಕೊಂಡು ಬಾ ಅಂದಿದ್ದಾಳೆ" ಎಂದ. "ಕಣ್ಣು ತಿರುಗಿತಾ ಅಂತ."

"ಇಲ್ಲ ಅಂತ ಹೇಳಿ" ಎಂದೆ.

ಅವನು ಹೋದ. ಹಲಗೆಗಳನ್ನು ನಿಲ್ಲಿಸುವ ಸದ್ದು ಬೀದಿಯುದ್ದಕ್ಕೂ ಕೇಳಿಸುತ್ತಿತ್ತು. ಹೆಡ್‌ಮಾಸ್ತರರು ಅಂಗಿ ಬಿಚ್ಚಿ ಮಡಚಿಡುತ್ತಿದ್ದರು. ನಾನು ಕೊಡೆ ತೆಗೆದುಕೊಂಡು ಮೆಟ್ಟಿಲಿಗೆ ಹೋಗಿ, ಪಕ್ಕದಲ್ಲಿ ಬುಟ್ಟಿ ಇಟ್ಟು, ಮೀನನ್ನು ನೆಟ್ಟಗೆ ಮಾಡಿದೆ. ಕಣ್ಣು ಎದ್ದಾಗ ಬುಟ್ಟಿಯ ಕಡೆ ಬಗ್ಗಿ, ಈ ತಿಂಗಳಿಗೆಂದು ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಹೇಳಿ, ನಕ್ಕೆ.